ಹಳೇ ವಾಕ್‌ಮನ್‌ಗೆ ಹೊಸ ಹೊಟ್ಟೆ: ತಾಳಮದ್ದಲೆ ಕೇಳಲು ಯಾವುದು ವಾಸಿ?

ಕೈಯಲ್ಲೇ ಮೊಬೈಲ್ ಇರುವಾಗ ಹಳೇ ವಾಕ್‌ಮನ್ ಬಿಚ್ಚಿ ಒಳಗೆ ಹೊಸ ಪ್ಲೇಯರ್ ಕೂರಿಸುವುದೆಲ್ಲ ಯಾಕೆ ಅಂತ ಕೇಳುವವರು ಒಮ್ಮೆ ಶಿರಸಿಯಿಂದ ಕುಮಟಾಕ್ಕೆ ಹಾಡು ಕೇಳುತ್ತಾ ಹೋಗಿ ನೋಡಲಿ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಕೈಕೊಡುತ್ತದೆ. ಅಡಿಕೆ ತೋಟದಲ್ಲಂತೂ ಹೇಳುವುದೇ ಬೇಡ. ತಾಳಮದ್ದಲೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ, ಅದರಲ್ಲಿ ಕೃಷ್ಣ ಸಂಧಾನದ ವಾದ ಕಾವೇರುವ ಹೊತ್ತಿಗೆ ಸರಿಯಾಗಿ ಯಾರದ್ದೋ ಫೋನ್ ಬೇರೆ. ಕೇಳುವುದಕ್ಕೆ ಅಂತಲೇ ಒಂದು ಡಬ್ಬಿ ಬೇಕು, ಕೀಲಿ ಒತ್ತಿದರೆ ಟಕ್ ಅನ್ನಬೇಕು. ನನ್ನ ಆಸೆ ಇಷ್ಟೇ. ಅದಕ್ಕೇ ಮೂರು ದಾರಿ ಹೋಲಿಸಿ ನೋಡಿದೆ.

ಸೋನಿಯ ಮೊದಲ ವಾಕ್‌ಮನ್ ಬಂದದ್ದು 1979ರ ಜುಲೈನಲ್ಲಿ. ನಮ್ಮ ಕಡೆ ಆಮೇಲೆ ಯಾವ ಕಂಪನಿಯದು ಬಂದರೂ ಅದು ವಾಕ್‌ಮನ್ನೇ. ನಮ್ಮನೆಯದ್ದನ್ನು ಬಿಚ್ಚಿದಾಗ ಒಳಗಿನ ರಬ್ಬರ್ ಬೆಲ್ಟ್ ಕರಗಿ ರಸ್ತೆಯ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಅಟ್ಟದಲ್ಲಿದ್ದ ಸಿ-90 ಕ್ಯಾಸೆಟ್‌ಗಳಿಗೆ ಮಳೆಗಾಲದ ಬೂಷ್ಟು ಹಿಡಿಯುವ ಮೊದಲೇ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರದ ಮಾತು), ನೆಬ್ಬೂರು ನಾರಾಯಣ ಭಾಗವತರ ಪದ್ಯ, ಊರಿನ ಕೂಟಗಳ ರೆಕಾರ್ಡಿಂಗು. ಕ್ಯಾಸೆಟ್ಟಿನಲ್ಲಾದರೆ 45 ನಿಮಿಷಕ್ಕೆ ಒಂದು ಸೈಡ್ ಮುಗಿಯುತ್ತಿತ್ತು, ಕೌರವ ಬಾಯಿ ತೆರೆದಿದ್ದಾಗಲೇ ಟೇಪು ಖಾಲಿ. ಈಗ ಅದೆಲ್ಲ ಒಂದೊಂದೂವರೆ ಗಂಟೆಯ ಫೈಲುಗಳು. ಹೋಲಿಕೆಯಲ್ಲಿ ಈ ಉದ್ದವೇ ಎಲ್ಲವನ್ನೂ ತೀರ್ಮಾನಿಸಿತು.

ಮೊದಲು ಅಗ್ಗದ ದಾರಿ. ಡಿಎಫ್‌ಪ್ಲೇಯರ್ ಮಿನಿ ಅಂತ ಒಂದು ಎಂಪಿ3 ಮಾಡ್ಯೂಲ್ ಇದೆ. ಅಂಚೆ ಚೀಟಿಗಿಂತ ಹೆಚ್ಚೇನೂ ದೊಡ್ಡದಲ್ಲ. 32 ಜಿಬಿವರೆಗಿನ ಮೆಮೊರಿ ಕಾರ್ಡ್ ತಿನ್ನುತ್ತದೆ. 128 ಕೆಬಿಪಿಎಸ್‌ನಲ್ಲಿ ಒಂದು ನಿಮಿಷಕ್ಕೆ ಸುಮಾರು ಒಂದು ಎಂಬಿ ಅಂದುಕೊಳ್ಳಿ, ಮುನ್ನೂರಕ್ಕೂ ಜಾಸ್ತಿ ಸಿ-90 ಕ್ಯಾಸೆಟ್ಟು ಅದರಲ್ಲಿ ಹಿಡಿಯುತ್ತದೆ. ಅದನ್ನು ನಡೆಸಲು ಮೈಕ್ರೋಕಂಟ್ರೋಲರ್ ಅನ್ನುವ ಪುಟ್ಟ ಚಿಪ್ ಕೂಡ ಬೇಕಿಲ್ಲ. ಎರಡು ಪಿನ್ನಿಗೆ ಎರಡು ಸ್ವಿಚ್ ಕೊಟ್ಟರೆ ಒತ್ತಿ ಬಿಟ್ಟಾಗ ಹಿಂದಿನ, ಮುಂದಿನ ಹಾಡು, ಒತ್ತಿ ಹಿಡಿದಾಗ ವಾಲ್ಯೂಮ್.

ಕೂರಿಸುವ ಕೆಲಸವೇ ಮಜಾ. ವಾಕ್‌ಮನ್ನಿನ ಎರಡು ಪೆನ್ಸಿಲ್ ಸೆಲ್ಲಿನ ಜಾಗ ಇದೆಯಲ್ಲ, ಒಂದರಲ್ಲಿ 14500 ಲಿಥಿಯಂ ಸೆಲ್, ಇನ್ನೊಂದರಲ್ಲಿ ಟಿಪಿ4056 ಚಾರ್ಜಿಂಗ್ ಬೋರ್ಡು. 14500 ನೋಡಲು ಪೆನ್ಸಿಲ್ ಸೆಲ್ಲೇ, ಅಳತೆಯೂ ಹೆಚ್ಚು ಕಡಿಮೆ ಅದೇ, ಆದರೆ 3.7 ವೋಲ್ಟ್. ಅದನ್ನು ತೆಗೆದು ರಿಮೋಟಿಗೋ ಗೋಡೆ ಗಡಿಯಾರಕ್ಕೋ ಹಾಕಿದರೆ ಕಥೆ ಮುಗಿಯಿತು. ಮಕ್ಕಳಿರುವ ಮನೆಯಾದರೆ ಮುಚ್ಚಳಕ್ಕೆ ಸ್ಕ್ರೂ ಹಾಕಿಬಿಡಿ. ಹಳೇ ಕೀಲಿಗಳ ಕೆಳಗೆ ಪುಟ್ಟ ಮೈಕ್ರೋಸ್ವಿಚ್ ಅಂಟಿಸಿದೆ. ವಾಲ್ಯೂಮ್ ಚಕ್ರವನ್ನು ಹಾಗೇ ಉಳಿಸಿಕೊಂಡು ಮಾಡ್ಯೂಲಿನ ಔಟ್‌ಪುಟ್ಟಿಗೂ ಹೆಡ್‌ಫೋನ್ ಆಂಪ್ಲಿಫೈಯರಿಗೂ ನಡುವೆ ಬೆಸುಗೆ ಹಾಕಿದೆ. ಬೆರಳ ತುದಿಯಲ್ಲಿ ಆ ಚಕ್ರ ತಿರುಗಿಸುವ ಸುಖ ಇನ್ಯಾವುದರಲ್ಲೂ ಸಿಗಲಿಲ್ಲ.

ತೊಂದರೆ ಶುರುವಾದದ್ದು ಕೇಳಲು ಕೂತಾಗ. ಬರೀ ಬಟನ್ನಿನಲ್ಲಿ ನಡೆಸಿದರೆ ಈ ಮಾಡ್ಯೂಲ್ ಫೈಲಿನ ಹೆಸರು ನೋಡುವುದಿಲ್ಲ, ಕಾರ್ಡಿಗೆ ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತದೆ. ಕ್ರಮ ನೋಡದೆ ತುಂಬಿದರೆ ಕರ್ಣ ಸತ್ತ ಮೇಲೆ ಯುದ್ಧ ಶುರುವಾಗುತ್ತದೆ. ಅದಾದರೂ ಸರಿ, ಒಂದೊಂದೇ ಫೈಲ್ ಕಾಪಿ ಮಾಡಿದರಾಯಿತು. ಆದರೆ ಹಾಡಿನ ಒಳಗೆ ಮುಂದೆ ಓಡಿಸುವ ಸೌಕರ್ಯವೇ ಇಲ್ಲ, ಆಫ್ ಮಾಡಿದರೆ ಎಲ್ಲಿದ್ದೆವು ಅನ್ನುವುದೂ ನೆನಪಿಲ್ಲ. ಒಂದೂವರೆ ಗಂಟೆಯ ಫೈಲಿನಲ್ಲಿ ಒಂದು ಗಂಟೆ ಕೇಳಿ ಊಟಕ್ಕೆ ಎದ್ದರೆ ಮತ್ತೆ ಗಣಪತಿ ಸ್ತುತಿಯಿಂದ! ಆರ್ಡುಯಿನೊ ಅನ್ನುವ ಪುಟ್ಟ ನಿಯಂತ್ರಕ ಬೋರ್ಡು ಸೇರಿಸಿ ಹಾಡಿನ ನಂಬರನ್ನು ಅದರ ಮೆಮೊರಿಯಲ್ಲಿ ಬರೆದಿಡಬಹುದು, ಫೈಲನ್ನು ಐದೈದು ನಿಮಿಷಕ್ಕೆ ಕತ್ತರಿಸಲೂಬಹುದು. ಆದರೆ ತುಂಡು ತುಂಡಿನ ನಡುವೆ ಸಣ್ಣ ಮೌನ ಬರುತ್ತದೆ. ಮದ್ದಳೆ ನಡೆಯುತ್ತಿರುವಾಗ ಅದು ಕಿವಿಗೆ ಚುಚ್ಚುತ್ತದೆ.

ಎರಡನೆಯದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ. 2021ರಲ್ಲಿ ಬಂದದ್ದು, 65 ಮಿಲಿಮೀಟರ್ ಉದ್ದ, 30 ಅಗಲ. ಕ್ಯಾಸೆಟ್ ಕೂರುತ್ತಿದ್ದ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಇದನ್ನು ಹಿಡಿಸಿದ್ದು ಕಾರವಾರದ ಭಾವ. ಇದು ಪೂರ್ತಿ ಕಂಪ್ಯೂಟರ್ರೇ ಆದ್ದರಿಂದ ವೈಫೈನಲ್ಲಿ ಹಾಡು ತುಂಬಬಹುದು, ಎಂಪಿಡಿ ಅನ್ನುವ ಹಾಡು ನುಡಿಸುವ ತಂತ್ರಾಂಶ ಹಾಕಿದರೆ ನಿಲ್ಲಿಸಿದ ಜಾಗವೂ ನೆನಪಿರುತ್ತದೆ. ಹೆಡ್‌ಫೋನ್ ತೂತು ಮಾತ್ರ ಇಲ್ಲ. ಡಿಜಿಟಲ್ ಫೈಲನ್ನು ದನಿಯಾಗಿಸುವ ಪಿಸಿಎಂ5102 ಡಿಎಸಿ ಬೋರ್ಡು ಹಾಕಿದೆವು. ಅದರ ಔಟ್‌ಪುಟ್ ಆಂಪ್ಲಿಫೈಯರಿಗೆ ಕೊಡುವಂಥದ್ದು, ನೇರ ಹೆಡ್‌ಫೋನಿಗಲ್ಲ, ಹಾಗಾಗಿ ಇನ್ನೊಂದು ಬೋರ್ಡು. ಪೈಗೆ 5 ವೋಲ್ಟ್ ಬೇಕು, ಅದಕ್ಕೆ ಮತ್ತೊಂದು. ಡಬ್ಬಿಯ ಹೊಟ್ಟೆ ಉಬ್ಬಿತು, ಬ್ಯಾಟರಿ ಬೇಗ ಇಳಿಯಿತು. ಆದರೆ ದನಿ ಮೂರರಲ್ಲೂ ಇದರದ್ದೇ ಮೇಲು, ಚಂಡೆಯ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ಆದರೂ ಇದು ನನಗೆ ಒಗ್ಗಲಿಲ್ಲ. ಆನ್ ಮಾಡಿ ಕಾಯಬೇಕು. ವಾಕ್‌ಮನ್ ಕೀಲಿ ಒತ್ತಿ ಅರ್ಧ ನಿಮಿಷ ಸುಮ್ನೆ ಕೂರುವುದು ಅಂದರೆ ಏನು ಹೇಳುವುದು. ಸ್ವಿಚ್ ಸೀದಾ ಆಫ್ ಮಾಡಿದರೆ ಕಾರ್ಡಿನ ಫೈಲ್ ಕೆಡುವ ಭಯ. ಕಾರ್ಡನ್ನು ಬರೀ ಓದುವಂತೆ ಲಾಕ್ ಮಾಡಿದರೆ ಭಯ ಹೋಗುತ್ತದೆ, ಜೊತೆಗೆ ನಿಲ್ಲಿಸಿದ ಜಾಗದ ನೆನಪೂ ಹೋಗುತ್ತದೆ. ನೆನಪನ್ನು ಬರೆದಿಡಲು ಕಾರ್ಡಿನಲ್ಲೇ ಬೇರೆ ಪಾರ್ಟಿಷನ್, ಅಂದರೆ ಬೇರೆ ಭಾಗ, ಮಾಡು ಅಂತಾನೆ ಭಾವ. ತಾಳಮದ್ದಲೆ ಕೇಳಲು ಪಾರ್ಟಿಷನ್ನಾ ಮಾರಾಯ!

ಮೂರನೆಯದು ವಾಕ್‌ಮನ್ನೇ ಅಲ್ಲ, 2005ರ ಐದನೇ ತಲೆಮಾರಿನ ಐಪಾಡ್. ಆಪಲ್ 2001ರಲ್ಲಿ ಶುರು ಮಾಡಿದ ಈ ಸಾಲನ್ನು 2022ರಲ್ಲಿ ನಿಲ್ಲಿಸಿತು, ಹಳೆಯವು ಇನ್ನೂ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಒಳಗಿನ ಪುಟ್ಟ ಹಾರ್ಡ್ ಡಿಸ್ಕ್ ತೆಗೆದು ಅಡಾಪ್ಟರ್ ಮೂಲಕ ಎಸ್‌ಡಿ ಕಾರ್ಡ್ ಹಾಕುವುದು, ಖಾಲಿಯಾದ ಜಾಗದಲ್ಲಿ ದೊಡ್ಡ ಬ್ಯಾಟರಿ ಕೂರಿಸುವುದು. ಲೋಹದ ಬೆನ್ನು ಬಿಡಿಸುವುದು ಕಷ್ಟ, ಉಳಿದದ್ದು ಸುಲಭ. ಬ್ಯಾಟರಿಯ ರಿಬ್ಬನ್ ತೆಗೆಯುವಾಗ ಮಾತ್ರ ಅದರ ಪುಟ್ಟ ಚಿಲಕವನ್ನು ಉಗುರಿನಿಂದ ಮೆಲ್ಲಗೆ ಎತ್ತಬೇಕು, ಎಳೆಯಬಾರದು. ಆನ್‌ಲೈನಿನಲ್ಲಿ ತರಿಸಿದ ಒಂದು ಕಾರ್ಡ್ ಬರೆದುಕೊಂಡಷ್ಟು ಜಿಬಿ ಇರಲೇ ಇಲ್ಲ. ಡಬ್ಬಿ ಮುಚ್ಚುವ ಮೊದಲು ಕಾರ್ಡಿನ ನಿಜವಾದ ಜಾಗ ತೋರಿಸುವ ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶ ಓಡಿಸಿ ನೋಡಿ.

ಅಸಲಿ ಲಾಭ ರಾಕ್‌ಬಾಕ್ಸ್‌ನದ್ದು. ಹವ್ಯಾಸಿಗಳೇ ಬರೆದ, ಪುಕ್ಕಟೆ ಸಿಗುವ ಫರ್ಮ್‌ವೇರ್, ಅಂದರೆ ಐಪಾಡನ್ನು ನಡೆಸುವ ತಂತ್ರಾಂಶ. ಐಟ್ಯೂನ್ಸ್ ಬೇಕಾಗಿಲ್ಲ, ಫೋಲ್ಡರ್ ಎಳೆದು ಹಾಕಿದರೆ ಸಾಕು. ಹಾಡು ನಿಲ್ಲಿಸಿದಾಗ ಬುಕ್‌ಮಾರ್ಕ್ ಇಡು ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಹಾಕಿದರೆ ಪ್ರತಿ ಪ್ರಸಂಗದ್ದೂ ನಿಲ್ಲಿಸಿದ ಜಾಗ ಬೇರೆ ಬೇರೆಯಾಗಿ ಉಳಿಯುತ್ತದೆ. ಭೀಷ್ಮ ವಿಜಯ ಅರ್ಧಕ್ಕೆ ಬಿಟ್ಟು ವಾಲಿ ಮೋಕ್ಷ ಕೇಳಿ ವಾಪಸ್ ಬಂದರೂ ಭೀಷ್ಮರು ಅದೇ ಮಾತಿನಲ್ಲಿ ಕಾದಿರುತ್ತಾರೆ. ಇಷ್ಟು ಮಾಡಿದ್ದು ಇದೊಂದೇ. ಕೊರತೆ ಅಂದರೆ ಐಪಾಡಿನ ಮುಟ್ಟಿ ನಡೆಸುವ ಚಕ್ರ, ಒದ್ದೆ ಕೈಗೆ ಅದು ಜಪ್ಪಯ್ಯ ಅಂದರೂ ಮಾತು ಕೇಳುವುದಿಲ್ಲ. ಮಳೆಗಾಲದ ತೋಟದಲ್ಲಿ ಇದು ಸಣ್ಣ ವಿಷಯವಲ್ಲ.

ಈಗ ಹೊಸದಾಗಿ ಯುಎಸ್‌ಬಿ ಚಾರ್ಜಿನ ಕ್ಯಾಸೆಟ್ ಪ್ಲೇಯರುಗಳೂ ಬರುತ್ತಿವೆ, ಭಾವನ ಹತ್ತಿರ ಒಂದಿದೆ. ಕೈಯಲ್ಲಿ ಹಿಡಿಯಲು ಚಂದ. ಆದರೆ ಬೂಷ್ಟು ಹಿಡಿದ ಕ್ಯಾಸೆಟ್ ಹಾಕಿ ಟೇಪು ಓದುವ ಹೊಸ ಹೆಡ್ ಹಾಳು ಮಾಡುವ ಧೈರ್ಯ ನನಗಿಲ್ಲ.

ಸದ್ಯ ಐಪಾಡ್ ನನ್ನ ಜೇಬಿನಲ್ಲಿದೆ. ಮಾಡ್ಯೂಲ್ ಹಾಕಿದ ವಾಕ್‌ಮನ್ ಆಯಿಗೆ ಹೋಯಿತು. ಅವಳು ಕೇಳುವುದು ನಾಲ್ಕೈದು ನಿಮಿಷದ ಭಜನೆ, ಅದಕ್ಕೆ ನೆನಪೂ ಬೇಡ, ಪರದೆಯೂ ಬೇಡ, ಪಾತ್ರೆ ತೊಳೆಯುತ್ತಾ ಒದ್ದೆ ಕೈಯಲ್ಲೇ ಕೀಲಿ ಒತ್ತುತ್ತಾಳೆ. ಹಾಡು ಮಾತ್ರ ಕೇಳುವವರಾದರೆ ನೀವೂ ಅದನ್ನೇ ಮಾಡಿ, ಐಪಾಡಿಗೆ ದುಡ್ಡು ಸುರಿಯಬೇಡಿ. ಪೈ ಭಾವನಿಗೇ ಇರಲಿ. ಸಮುದ್ರದ ಉಪ್ಪು ಗಾಳಿಗೆ ಅದರ ಬ್ಯಾಟರಿ ಸ್ಪ್ರಿಂಗು ಆಗಲೇ ಹಸಿರುಗಟ್ಟಿದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದ, ಆದರೂ ಪಾರ್ಟಿಷನ್ ಮಾಡಿದ್ದೀಯಾ ಅಂತ ನನ್ನನ್ನೇ ಕೇಳಿದ.