ಕಾರಿನ ಜೊತೆ ಐದು ಚಳಿಗಾಲ ಕಳೆದ ಬ್ಯಾಟರಿ ಚಾರ್ಜರ್

ನನ್ನ ಕಾರು ವರ್ಷದಲ್ಲಿ ನಾಲ್ಕೂವರೆ ತಿಂಗಳು ಗ್ಯಾರೇಜಿನಿಂದ ಹೊರಗೆ ಬರುವುದಿಲ್ಲ. ಹಿಮ ಕರಗಿಸಲೆಂದು ರಸ್ತೆಗೆ ಉಪ್ಪು ಚೆಲ್ಲುವ ಮೊದಲು ಒಳಗೆ ಹೋದರೆ, ಮಳೆ ಬಂದು ಆ ಉಪ್ಪೆಲ್ಲ ತೊಳೆದುಹೋದ ಮೇಲೆಯೇ ಹೊರಗೆ. ಗ್ಯಾರೇಜಿಗೆ ಬಾಗಿಲಿದೆ, ಛಾವಣಿಯಿದೆ, ಒಂದು ಪ್ಲಗ್ ಪಾಯಿಂಟ್ ಇದೆ. ಬೆಚ್ಚಗಿಡುವ ವ್ಯವಸ್ಥೆ ಇಲ್ಲ. ಇಷ್ಟು ದಿನ ಸುಮ್ಮನೆ ನಿಂತ ಕಾರಿನಲ್ಲಿ ಮೊದಲು ಕೈಕೊಡುವುದು ಬ್ಯಾಟರಿ. ಅದನ್ನು ಕಾಯಲೆಂದು ತಂದ ಒಂದು ಸಣ್ಣ ಸ್ವಯಂಚಾಲಿತ ಚಾರ್ಜರನ್ನು ಐದು ಚಳಿಗಾಲ ಬಳಸಿದ್ದೇನೆ. ಕೊಂಡ ವಾರದಲ್ಲೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು. ಈಗ ಹಾಗಿಲ್ಲ, ಆದರೂ ಅದನ್ನು ಬಿಟ್ಟುಕೊಡುವ ಮನಸ್ಸೂ ಇಲ್ಲ.

ಚಾರ್ಜರ್ ಬರುವ ಮೊದಲು ನನ್ನದೂ ಹತ್ತು ಜನರ ಉಪಾಯವೇ ಆಗಿತ್ತು: ಎರಡು ವಾರಕ್ಕೊಮ್ಮೆ ಹೋಗಿ ಬಾಗಿಲು ತೆರೆದು, ಎಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು, ಆರಿಸಿ ಬರುವುದು. ಕಾರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಕಾರು ಓಡುತ್ತಿದ್ದಾಗ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದೇ ಇಲ್ಲ, ನೀರು ಅಲ್ಲಿಯೇ ಕೂರುತ್ತದೆ. ಎಂಜಿನ್ ಆಯಿಲಿಗೂ ಇದೇ ಗತಿ. ಮೂರನೆಯ ವಸಂತದಲ್ಲಿ ನನ್ನ ಸೈಲೆನ್ಸರಿನ ತಳಕ್ಕೆ ಬೆರಳು ಒತ್ತಿದರೆ ಬೆರಳು ಒಳಗೆ ಹೋಯಿತು. ಇಷ್ಟಾದರೂ ಬ್ಯಾಟರಿ ಉಳಿಯಿತೇ ಎಂದರೆ ಅದೂ ಇಲ್ಲ. ತಣ್ಣಗಿನ ಎಂಜಿನ್ ತಿರುಗಿಸಲು ಸ್ಟಾರ್ಟರ್ ಎಳೆದುಕೊಂಡದ್ದನ್ನು, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಹತ್ತು ನಿಮಿಷದಲ್ಲಿ ಪೂರ್ತಿ ಮರಳಿಸುವುದಿಲ್ಲ. ಪ್ರತಿ ಸಲವೂ ಸ್ವಲ್ಪ ಸಾಲ ಉಳಿಯುತ್ತಿತ್ತು.

ಬೀಗ ಹಾಕಿ ನಿಲ್ಲಿಸಿದ ಕಾರೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಅಲಾರಂ, ಗಡಿಯಾರ, ರಿಮೋಟ್ ಕೀಲಿಗಾಗಿ ಕಿವಿ ತೆರೆದು ಕುಳಿತ ರಿಸೀವರ್, ಎಲ್ಲವೂ ಸೇರಿ ಒಂದಿಷ್ಟು ಕರೆಂಟು ಹೀರುತ್ತಲೇ ಇರುತ್ತವೆ. ಮೀಟರ್ ಜೋಡಿಸಿ, ಕಂಪ್ಯೂಟರುಗಳೆಲ್ಲ ಮಲಗಲಿ ಎಂದು ಅರ್ಧ ಗಂಟೆ ಕಾದು ನೋಡಿದಾಗ ನನ್ನ ಕಾರಿನಲ್ಲಿ ಅದು 30 ಮಿಲಿಆಂಪಿಯರ್ ಇತ್ತು. ಕೇಳಲು ಚಿಲ್ಲರೆ. ಆದರೆ ದಿನಕ್ಕೆ 0.72 ಆಂಪಿಯರ್‌-ಗಂಟೆ ಎಂದರೆ 60 ಆಂಪಿಯರ್‌-ಗಂಟೆಯ ಬ್ಯಾಟರಿ 42 ದಿನಕ್ಕೆ ಅರ್ಧ ಬರಿದು. ಅರ್ಧ ಖಾಲಿಯಾದ ಬ್ಯಾಟರಿ ಹಾಗೆಯೇ ಕುಳಿತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಕಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಬರುವುದಿಲ್ಲ. ಪೂರ್ತಿ ಬರಿದಾದರೆ ಇನ್ನೂ ಕಷ್ಟ: ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಯ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಖಾಲಿಯಾದದ್ದರಲ್ಲಿ ಉಳಿಯುವುದು ಬಹುಮಟ್ಟಿಗೆ ನೀರು. ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗಿಳಿದರೂ ಅದು ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಸೀಳಬಲ್ಲದು.

ಇನ್ನು ಯಂತ್ರದ ವಿಚಾರ. ಕನ್ನಡಕದ ಪೆಟ್ಟಿಗೆಯಷ್ಟು ಗಾತ್ರ, ಒಂದು ಆಂಪಿಯರ್ ಸಾಮರ್ಥ್ಯ, ಒಂದು ಗುಂಡಿ, ಮೂರು ದೀಪ. ಹಳದಿ ಎಂದರೆ ತುಂಬಿಸುತ್ತಿದೆ, ಹಸಿರು ಎಂದರೆ ತುಂಬಿತು, ಕೆಂಪು ಎಂದರೆ ಏನೋ ತಪ್ಪಿದೆ. ವೋಲ್ಟೇಜನ್ನು 14.4ರವರೆಗೆ ಏರಿಸಿ, ಬ್ಯಾಟರಿ ಕರೆಂಟು ಎಳೆಯುವುದು ಕಡಿಮೆಯಾದ ಮೇಲೆ 13.6ಕ್ಕೆ ಇಳಿಸಿ ಅಲ್ಲಿಯೇ ಹಿಡಿಯುತ್ತದೆ. ಹಳೆಯ ಕಾಲದ ಚಾರ್ಜರುಗಳು ಹೀಗೆ ಇಳಿಸುತ್ತಿರಲಿಲ್ಲ. ಮರೆತರೆ ಬ್ಯಾಟರಿಯ ನೀರನ್ನೇ ಕುದಿಸಿಬಿಡುತ್ತಿದ್ದವು. ಇದನ್ನು ತಿಂಗಳುಗಟ್ಟಲೆ ಬಿಟ್ಟಿದ್ದೇನೆ, ಮುಟ್ಟಿದರೆ ಉಗುರುಬೆಚ್ಚಗಷ್ಟೇ ಇರುತ್ತದೆ.

ಪೆಟ್ಟಿಗೆಯಲ್ಲಿ ಬಂದ ಎರಡು ಬಗೆಯ ವೈರುಗಳಲ್ಲಿ ನಾನು ಮೆಚ್ಚಿದ್ದು ಕಚ್ಚುವ ಕ್ಲಿಪ್ಪುಗಳನ್ನಲ್ಲ, ಬೋಲ್ಟಿಗೆ ಬಿಗಿಯುವ ಉಂಗುರದ ತುದಿಯವನ್ನು. ಕೆಂಪನ್ನು ಧನ ತುದಿಗೆ, ಕಪ್ಪನ್ನು ಬ್ಯಾಟರಿಯಿಂದ ದೂರ ಕಾರಿನ ಮೈಯ ಗಟ್ಟಿ ಲೋಹಕ್ಕೆ ಬಿಗಿದೆ. ಋಣ ತುದಿಯಲ್ಲಿ ಬ್ಯಾಟರಿ ಸೆನ್ಸರ್ ಇರುವ ಕಾರುಗಳಲ್ಲಂತೂ ಇದೇ ಸರಿ. ಇಲ್ಲದಿದ್ದರೆ ಒಳಗೆ ಹೋದ ಚಾರ್ಜು ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ. ವೈರಿನ ಇನ್ನೊಂದು ತುದಿ ಮುಂಭಾಗದ ಜಾಲರಿಯಿಂದ ಇಣುಕುತ್ತದೆ. ಕಾರು ಒಳಗೆ ಬಂದಾಗ ಬಾನೆಟ್ ಎತ್ತದೆಯೇ ಸಿಕ್ಕಿಸಿದರೆ ಆಯಿತು.

ಇಷ್ಟು ಸುಲಭವಾದದ್ದೇ ಒಮ್ಮೆ ಮುಳುವಾಯಿತು. ನಾಲ್ಕನೆಯ ವಸಂತದ ಮೊದಲ ಬಿಸಿಲಿಗೆ ಉಬ್ಬಿ, ವೈರು ಬಿಚ್ಚುವುದನ್ನು ಮರೆತು ಕಾರನ್ನು ಹಿಂದಕ್ಕೆ ತೆಗೆದೆ. ಪ್ಲಗ್ ಗೋಡೆಯಿಂದ ಕಿತ್ತು ಬಂತು, ಚಾರ್ಜರ್ ಮರಿಬಾತುಕೋಳಿಯಂತೆ ಕಾರಿನ ಹಿಂದೆಯೇ ಹೊರಟಿತು. ಒಂದು ಮೂಲೆ ಬಿರುಕು ಬಿಟ್ಟಿದೆ, ಕೆಲಸ ನಿಂತಿಲ್ಲ. ಆಮೇಲಿನಿಂದ ಕಾರಿನ ಕೀಲಿಯನ್ನು ಚಾರ್ಜರಿನ ವೈರಿಗೇ ನೇತುಹಾಕುತ್ತೇನೆ.

ನಿಜವಾದ ದೂರು ಬೇರೆ. ಮೂರನೆಯ ಚಳಿಗಾಲದಲ್ಲಿ ಒಂದು ರಾತ್ರಿ ಗಾಳಿಗೆ ವಿದ್ಯುತ್ ಹೋಗಿ ಬೆಳಗ್ಗೆ ಬಂತು. ಮನೆಯ ಗಡಿಯಾರಗಳನ್ನೆಲ್ಲ ಸರಿಮಾಡಿದೆ, ಗ್ಯಾರೇಜಿನ ನೆನಪಾಗಲಿಲ್ಲ. ಸುಮಾರು ಒಂದೂವರೆ ತಿಂಗಳ ನಂತರ ಏನನ್ನೋ ಹುಡುಕಲು ಹೋದಾಗ ಮೂರು ದೀಪಗಳಲ್ಲಿ ಒಂದೂ ಉರಿಯುತ್ತಿರಲಿಲ್ಲ. ಮೀಟರ್ ಇಟ್ಟರೆ 12.1 ವೋಲ್ಟ್. ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸಬೇಕು, 12.4ಕ್ಕೆ ಇಳಿದಾಗಲೇ ಎಚ್ಚರವಾಗಬೇಕು. ಚಾರ್ಜರ್ ಕೆಟ್ಟಿತೆಂದು ಬೈದುಕೊಳ್ಳುತ್ತ ಗುಂಡಿ ಒತ್ತಿದೆ, ಹಳದಿ ದೀಪ ಹತ್ತಿಕೊಂಡಿತು. ಕೈಪಿಡಿಯ ಕೊನೆಯ ಪುಟದಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ, ವಿದ್ಯುತ್ ಹೋಗಿ ಬಂದರೆ ಗುಂಡಿಯನ್ನು ಮತ್ತೆ ಒತ್ತಬೇಕು ಎಂದಿತ್ತು. ತಿಂಗಳುಗಟ್ಟಲೆ ತಾನೇ ನೋಡಿಕೊಳ್ಳುತ್ತೇನೆ ಎಂದು ಮಾರಾಟವಾಗುವ ಯಂತ್ರ, ಕ್ಷಣ ಕರೆಂಟು ಹೋದರೆ ಮುಷ್ಕರ ಹೂಡುವುದೇ? ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಂಡು ತಾನಾಗಿಯೇ ಮುಂದುವರಿಯುವ ಚಾರ್ಜರುಗಳೂ ಇವೆ. ಕೊಳ್ಳುವವರು ಆಂಪಿಯರ್ ವಿಚಾರಿಸುವ ಮೊದಲು ಇದನ್ನು ವಿಚಾರಿಸಲಿ.

ಎರಡನೆಯ ಕೊರತೆ ಚಿಕ್ಕದು. ಚಳಿ ಹೆಚ್ಚಿದಷ್ಟೂ ಬ್ಯಾಟರಿ ತುಂಬಲು ಹೆಚ್ಚು ವೋಲ್ಟೇಜ್ ಬೇಕು. ನನ್ನದರಲ್ಲಿ ತಾಪಮಾನ ಅಳೆಯುವ ಏರ್ಪಾಡಿಲ್ಲ, ಕಡುಚಳಿಯಲ್ಲಿ ಹಸಿರು ದೀಪ ಸ್ವಲ್ಪ ಅವಸರದಲ್ಲಿ ಹತ್ತುತ್ತದೆ. ನನಗೆ ಅದರಿಂದ ನಷ್ಟವೇನೂ ಆಗಿಲ್ಲ.

ಚಾರ್ಜರ್ ಸಿಕ್ಕಿಸಿದ ಮಾತ್ರಕ್ಕೆ ಕಾರು ಚಳಿಗಾಲಕ್ಕೆ ಸಿದ್ಧವಾಗುವುದಿಲ್ಲ ಎಂಬುದು ಮೊದಲ ವರ್ಷವೇ ಗೊತ್ತಾಯಿತು. ಬ್ಯಾಟರಿ ಠೀವಿಯಿಂದಿತ್ತು, ಕಾರು ಅಲುಗಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಹೋಗಿದ್ದೆ, ಹಿಂಬದಿಯ ಡ್ರಮ್ಮಿಗೆ ಬ್ರೇಕ್ ಶೂ ತುಕ್ಕಿನಿಂದ ಅಂಟಿತ್ತು. ಈಗ ಹ್ಯಾಂಡ್ ಬ್ರೇಕ್ ಬಿಟ್ಟು, ಗಾಲಿಗಳಿಗೆ ಹಿಂದೆ ಮುಂದೆ ಮರದ ಬೆಣೆ ಕೊಡುತ್ತೇನೆ. ಅದೇ ವರ್ಷ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಾಗ ಒಳಮೈಯಲ್ಲೆಲ್ಲ ಹನಿ ಸಾಲುಗಟ್ಟಿತ್ತು. ಗಾಳಿಯಾಡುವ ಬಟ್ಟೆ ಬೇಕು, ಅದೂ ತೊಳೆದು ಚೆನ್ನಾಗಿ ಒಣಗಿದ ಕಾರಿನ ಮೇಲೆ. ಏರ್ ಫಿಲ್ಟರಿನ ಪೆಟ್ಟಿಗೆಯಲ್ಲಿ ಇಲಿಯೊಂದು ಸೀಟಿನ ನಾರಿನಿಂದ ಸೊಗಸಾದ ಹಾಸಿಗೆ ಮಾಡಿಕೊಂಡಿತ್ತು. ಗಾಳಿ ಒಳಹೋಗುವ ಕೊಳವೆಗೂ ಸೈಲೆನ್ಸರಿನ ಬಾಯಿಗೂ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುರುಕುತ್ತೇನೆ. ಅದನ್ನು ತೆಗೆಯಲು ಮರೆಯದಂತೆ ಸ್ಟೀರಿಂಗಿಗೆ ಚೀಟಿ ಕಟ್ಟುತ್ತೇನೆ.

ಉಳಿದದ್ದು ಒಂದು ಮಧ್ಯಾಹ್ನದ ಕೆಲಸ. ಹಳೆಯ ಆಯಿಲಿನಲ್ಲಿ ಆಮ್ಲವೂ ತೇವವೂ ಸೇರಿರುವುದರಿಂದ ವಸಂತದವರೆಗೆ ಕಾಯದೆ ಈಗಲೇ ಹೊಸದು ಹಾಕುವುದು. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ದ್ರಾವಣ ಬೆರೆಸಿ, ಅದು ಎಂಜಿನ್‌ವರೆಗೂ ತಲುಪುವಂತೆ ಹತ್ತು ನಿಮಿಷ ಓಡಿಸುವುದು. ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ, ಪಕ್ಕದಲ್ಲಿ ಬರೆದ ಗರಿಷ್ಠ ಮಿತಿಯ ಒಳಗೆ. ಕೂಲೆಂಟ್ ನೀರಿನೊಡನೆ ಅರ್ಧಕ್ಕೆ ಅರ್ಧ ಬೆರೆತಿದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೂ ಚಿಂತೆಯಿಲ್ಲ.

ಗ್ಯಾರೇಜಿನಲ್ಲಿ ಪ್ಲಗ್ ಇಲ್ಲದವರು ಈ ಚಾರ್ಜರಿಗಾಗಿ ಉದ್ದದ ವೈರು ಎಳೆದು ತಾಪತ್ರಯ ಪಡುವುದು ಬೇಡ. ತುಂಬಿದ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಟ್ಟರೆ ಸಾಕು. ಚಳಿಯಲ್ಲಿ ಬ್ಯಾಟರಿ ತಾನಾಗಿ ಬರಿದಾಗುವುದು ಬಹಳ ನಿಧಾನ. ಕಾರಿನ ಗಡಿಯಾರದ ಸಮಯ, ರೇಡಿಯೊದ ಸೆಟ್ಟಿಂಗ್ ಅಳಿಸಿಹೋಗುತ್ತವೆ, ಅಲಾರಂ ಸುಮ್ಮನಾಗುತ್ತದೆ, ಅಷ್ಟೇ. ಲಿಥಿಯಂ ಬ್ಯಾಟರಿ ಇರುವವರಿಗೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು, ಇದು ಸಲ್ಲದು.

ಕಳೆದ ಚಳಿಗಾಲದ ಮೊದಲ ದಿನ ಚಾರ್ಜರ್ ಸಿಕ್ಕಿಸಿ ಆಯಿಲ್ ಡಬ್ಬಗಳನ್ನು ಎತ್ತಿಡುವಷ್ಟರಲ್ಲಿ ಹಸಿರು ದೀಪ ಬಂದಿತ್ತು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ. ಹಿಂದಿನ ವರ್ಷಗಳಲ್ಲಿ ರಾತ್ರಿಯಿಡೀ ತೆಗೆದುಕೊಳ್ಳುತ್ತಿತ್ತು. ಬ್ಯಾಟರಿ ಎಷ್ಟು ಚೆನ್ನಾಗಿದೆ ಎಂದು ಹಿಗ್ಗಿದೆ. ವಸಂತದಲ್ಲಿ ಕೀಲಿ ತಿರುಗಿಸಿದರೆ ಎಂಜಿನ್ ಮುದುಕನೊಬ್ಬ ಮೆಟ್ಟಿಲು ಹತ್ತುವಂತೆ ಎರಡು ಸಲ ತಿರುಗಿ ನಿಂತಿತು. ಹಸಿರು ದೀಪ ಮಾತ್ರ ಕೀಲಿ ತಿರುಗಿಸುವ ತನಕ ಅಚಲವಾಗಿ ಉರಿದಿತ್ತು. ಅದು ಸುಳ್ಳು ಹೇಳಿರಲಿಲ್ಲ: ಬ್ಯಾಟರಿ ಹಿಡಿಯುವಷ್ಟು ತುಂಬಿದೆ ಎಂದಿತ್ತು. ಏಳು ವರ್ಷದ ಬ್ಯಾಟರಿ ಎಷ್ಟು ಹಿಡಿಯಬಲ್ಲದು ಎಂಬುದನ್ನು ಅದು ಅಳೆಯುವುದಿಲ್ಲ. ಬೇಗ ಹಸಿರಾದದ್ದೇ ಕೆಟ್ಟ ಶಕುನವಾಗಿತ್ತು. ಬಿಂದಿಗೆ ಕಿರಿದಾದರೆ ಬೇಗ ತುಂಬುತ್ತದೆ. ಮೆಕ್ಯಾನಿಕ್ ಬ್ಯಾಟರಿಯಿಂದ ಜೋರಾಗಿ ಕರೆಂಟು ಎಳೆದು ಪರೀಕ್ಷಿಸಿದಾಗ ವೋಲ್ಟೇಜ್ ಕ್ಷಣದಲ್ಲಿ ಕುಸಿಯಿತು.

ಹೊಸ ಬ್ಯಾಟರಿ ತಂದು ಕೂರಿಸಿ, ಅದೇ ಬಿರುಕುಬಿಟ್ಟ ಚಾರ್ಜರನ್ನು ಸಿಕ್ಕಿಸಿದೆ. ಹಳದಿ ದೀಪ ಮರುದಿನ ಮಧ್ಯಾಹ್ನದವರೆಗೂ ಆರಲಿಲ್ಲ. ನಡುವೆ ಮೂರು ಸಲ ಹೋಗಿ ನೋಡಿ, ಇನ್ನೂ ಹಳದಿಯೇ ಎಂದು ಖುಷಿಯಿಂದ ಹಿಂದಿರುಗಿದೆ.