ಕೊಪ್ಪರಿಗೆ ಲೆಕ್ಕಕ್ಕೆ ಲಿಬ್ರೆಆಫೀಸ್ ಬೇಸ್: ಎರಡು ಸೀಸನ್ ಬಳಸಿದ ಮೇಲೆ

ಶಿರಸಿಯಲ್ಲಿ ನಮ್ಮದು ಪಾತ್ರೆ ಬಾಡಿಗೆ ಅಂಗಡಿ. ಮದುವೆ, ಉಪನಯನ, ಗೃಹಪ್ರವೇಶ ಏನೇ ಇರಲಿ, ಕೊಪ್ಪರಿಗೆಯಿಂದ ಸೌಟಿನ ತನಕ ಎಲ್ಲಾ ಕೊಡುತ್ತೇವೆ. ಕೊಡುವಾಗ ತೊಂದರೆ ಇಲ್ಲ. ವಾಪಸ್ ಬರುವಾಗಲೇ ತಕರಾರು. "ಎಲ್ಲಾ ತಂದಿದ್ದೇವೆ ಅಕ್ಕಾ, ಎಣಿಸಿಕೊಳ್ಳಿ" ಅನ್ನುತ್ತಾರೆ. ಎಣಿಸಿದರೆ ಬಡಿಸುವ ಸೌಟು ಎರಡು ಕಮ್ಮಿ.

ಮೊದಲು ನೋಟ್‌ಬುಕ್ ಇತ್ತು. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಶೀಟ್ ಮಾಡಿಕೊಂಡೆ. ಗಿರಾಕಿಗೆ ಒಂದು ಸಾಲು, ಅದರಲ್ಲೇ ಸಾಮಾನು-1, ಸಾಮಾನು-2 ಅಂತ ಹನ್ನೆರಡು ಕಾಲಂ. ಹುಲೇಕಲ್ ಕಡೆಯ ಒಂದು ಉಪನಯನಕ್ಕೆ ಹದಿನೇಳು ಬಗೆ ಸಾಮಾನು ಹೋಯಿತು. ಐದನ್ನು ಎಲ್ಲಿ ಬರೆಯೋದು? ದೊಡ್ಡ ಕೊಪ್ಪರಿಗೆ ಈಗ ಯಾರ ಮನೆಯಲ್ಲಿದೆ ಅಂತ ಹುಡುಕಬೇಕಾದರೂ ಹನ್ನೆರಡು ಕಾಲಂ ಜಾಲಾಡಬೇಕು.

ನನಗೆ ಬೇಕಿದ್ದದ್ದು ಕಾಗದದ ಚೀಟಿಯಂಥದ್ದೇ ಪರದೆ. ಮೇಲೆ ಹೆಸರು, ಊರು, ತಾರೀಕು. ಕೆಳಗೆ ಎಷ್ಟು ಉದ್ದ ಬೇಕಾದರೂ ಬೆಳೆಯುವ ಪಟ್ಟಿ. ಲಿಬ್ರೆಆಫೀಸ್ ಅನ್ನುವ ಆಫೀಸ್ ತಂತ್ರಾಂಶದಲ್ಲಿರುವ ಡೇಟಾಬೇಸ್ ಪ್ರೋಗ್ರಾಂ ಬೇಸ್ ಇದನ್ನು ಮಾಡುತ್ತದೆ. ಕೆಳಗಿನ ಪಟ್ಟಿಗೆ ಸಬ್‌ಫಾರ್ಮ್ ಅನ್ನುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಬೇಸ್ ನಡೆಯಲು ಬೇಕಾದ ಜಾವಾ ಅನ್ನುವ ತಂತ್ರಾಂಶ ಮಾತ್ರ ಬೇರೆಯಾಗಿ ಹಾಕಿಕೊಳ್ಳಬೇಕಾಯಿತು. ಹೆಸರು, ಊರು ಎಲ್ಲಾ ಕನ್ನಡದಲ್ಲೇ ಬರೆಯುತ್ತೇನೆ.

ಎರಡು ಟೇಬಲ್ (ಕೋಷ್ಟಕ) ಸಾಕು. ಒಂದರಲ್ಲಿ ಚೀಟಿ, ಇನ್ನೊಂದರಲ್ಲಿ ಸಾಮಾನು. ಸಾಮಾನಿನ ಪ್ರತಿ ಸಾಲಿನಲ್ಲೂ ಅದು ಯಾವ ಚೀಟಿಯದು ಅನ್ನುವ ನಂಬರ್ ಇರಬೇಕು. ಇಡೀ ಕೆಲಸ ನಿಂತಿರೋದು ಈ ನಂಬರಿನ ಮೇಲೆ. ನಾನು ಎಡವಿದ್ದೂ ಇಲ್ಲೇ. ಚೀಟಿ ಟೇಬಲ್‌ನಲ್ಲಿ ನಂಬರನ್ನು ತಾನಾಗಿ ಏರುವ ಆಟೋವ್ಯಾಲ್ಯೂ ಮಾಡಿದ್ದೆ, ಅದು ಸರಿ. ಸಾಮಾನಿನ ಟೇಬಲ್‌ನಲ್ಲೂ ಚೀಟಿ ನಂಬರನ್ನು ಹಾಗೇ ಮಾಡಿಬಿಟ್ಟೆ. ಅಲ್ಲಿ ಅದು ಸುಮ್ನೆ ಅಂಕಿಯಾಗಿರಬೇಕು, ಮೇಲಿನ ಚೀಟಿಯಿಂದ ಇಳಿದು ಬರಬೇಕು, ಅಲ್ವಾ? ಒಂದು ಸಂಜೆ ಪೂರ್ತಿ ಅದರಲ್ಲೇ ಹೋಯಿತು. ಆಟೋವ್ಯಾಲ್ಯೂ ಇರಬೇಕಾದ್ದು ಸಾಮಾನಿನ ಸಾಲಿಗೇ ಇರುವ ಬೇರೆ ನಂಬರಿಗೆ. ಪ್ರತಿ ಸಾಲನ್ನೂ ಗುರುತಿಸುವ ಆ ನಂಬರ್, ಅಂದರೆ ಪ್ರೈಮರಿ ಕೀ, ಇಲ್ಲದಿದ್ದರೆ ಬೇಸ್ ಆ ಟೇಬಲ್‌ನಲ್ಲಿ ಬರೆಯಲಿಕ್ಕೇ ಬಿಡುವುದಿಲ್ಲ.

ಟೂಲ್ಸ್ ಮೆನುವಿನ ರಿಲೇಷನ್‌ಶಿಪ್ಸ್‌ನಲ್ಲಿ ಎರಡು ಟೇಬಲ್‌ಗೂ ಗೆರೆ ಎಳೆದ ಮೇಲೆ ಬರೆಯುವ ಪರದೆಯನ್ನು (ಫಾರ್ಮ್) ಹಂತ ಹಂತವಾಗಿ ಮಾಡಿಕೊಡುವ ಫಾರ್ಮ್ ವಿಝಾರ್ಡ್ ಸಲೀಸು. ಸಬ್‌ಫಾರ್ಮ್ ಬೇಕಾ ಅಂತ ಅದೇ ಕೇಳುತ್ತದೆ. ಕೆಳಗಿನ ಭಾಗಕ್ಕೆ ಸಾಲು-ಕಾಲಂ ಇರುವ ಡೇಟಾಶೀಟ್ ರೂಪವನ್ನೇ ಆರಿಸಿ. ಒಂದೇ ನೋಟಕ್ಕೆ ಹತ್ತು ಸಾಮಾನು ಕಾಣುತ್ತದೆ. ಸಾಮಾನಿನ ಹೆಸರಿಗೆ, ಬರೆಯುವ ಬದಲು ಪಟ್ಟಿಯಿಂದ ಆರಿಸುವ ಲಿಸ್ಟ್ ಬಾಕ್ಸ್ ಹಾಕಿದ್ದು ಒಳ್ಳೆಯದಾಯಿತು. ಮೊದಲು ನಾನು "ಸೌಟು" ಅಂತ ಬರೆದರೆ ಅಂಗಡಿ ಹುಡುಗ "ಸಟ್ಟುಗ" ಅಂತ ಬರೆಯುತ್ತಿದ್ದ. ಲೆಕ್ಕ ಕೂಡುತ್ತಲೇ ಇರಲಿಲ್ಲ.

ಸಿಟ್ಟು ಬರಿಸಿದ್ದು ಟ್ಯಾಬ್ ಕೀಲಿ. ಮೇಲಿನ ಭಾಗದ ಕೊನೆಯ ಖಾನೆಯಲ್ಲಿ ಟ್ಯಾಬ್ ಒತ್ತಿದರೆ ಕೆಳಗಿನ ಪಟ್ಟಿಗೆ ಇಳಿಯುತ್ತದೆ ಅಂದುಕೊಂಡಿದ್ದೆ. ಅದು ಮುಂದಿನ ಚೀಟಿಗೇ ಹಾರುತ್ತದೆ. ನಾನು ನೋಡದೆ ಒಬ್ಬರ ಬಾಣಲೆಗಳನ್ನು ಇನ್ನೊಬ್ಬರ ಹೆಸರಿಗೆ ಹಾಕಿದ್ದೆ. ಫಾರ್ಮ್ ಪ್ರಾಪರ್ಟೀಸ್‌ನಲ್ಲಿ ಸೈಕಲ್ ಅಂತ ಒಂದಿದೆ, ಅದನ್ನು ಆಕ್ಟಿವ್ ರೆಕಾರ್ಡ್‌ಗೆ ಬದಲಿಸಿದ ಮೇಲೆ ಹಾರಾಟ ನಿಂತಿತು. ಅಳಿಸುವಾಗಲೂ ಕರ್ಸರ್ ಎಲ್ಲಿದೆ ನೋಡಿಕೊಳ್ಳಿ. ಒಂದು ಸೌಟಿನ ಸಾಲು ತೆಗೆಯಲು ಹೋಗಿ ಇಡೀ ಚೀಟಿಗೇ ಡಿಲೀಟ್ ಒತ್ತಿದ್ದೆ. ರಿಲೇಷನ್‌ನಲ್ಲಿ ಚೀಟಿ ಅಳಿಸಿದರೆ ಅದರ ಸಾಮಾನೂ ಅಳಿಸಿಹೋಗುವ ಡಿಲೀಟ್ ಕ್ಯಾಸ್ಕೇಡ್ ಹಾಕಿರಲಿಲ್ಲ, ಹಾಗಾಗಿ ಕೆಳಗೆ ಸಾಮಾನು ಇರುವ ಚೀಟಿಯನ್ನು ಅಳಿಸಲು ಅದು ಒಪ್ಪಲಿಲ್ಲ. ಬಚಾವಾದೆ.

ಮೊತ್ತದ ವಿಷಯದಲ್ಲಿ ಬೇಸ್ ಸ್ವಲ್ಪ ಒರಟು. ಪಟ್ಟಿಯ ಅಡಿಗೆ ಬಾಡಿಗೆ ಒಟ್ಟು ಎಷ್ಟು ಅಂತ ತಾನಾಗಿ ತೋರಿಸುವುದಿಲ್ಲ. ಚೀಟಿ ನಂಬರಿನ ಪ್ರಕಾರ ಕೂಡಿಸುವ ಕ್ವೆರಿ (ಟೇಬಲ್ಲಿಗೆ ಕೇಳುವ ಪ್ರಶ್ನೆ) ಬರೆದು, ಅದನ್ನು ಇನ್ನೊಂದು ಸಬ್‌ಫಾರ್ಮ್ ಮಾಡಿ ಜೋಡಿಸಿದೆ. ಸಾಲು ಸೇರಿಸಿದ ಮೇಲೆ ರಿಫ್ರೆಶ್ ಒತ್ತಿದರೇ ಹೊಸ ಮೊತ್ತ ಬರೋದು. ಸ್ಪ್ರೆಡ್‌ಶೀಟ್ ರೂಢಿಯಾದವರಿಗೆ ಇದು ಕಿರಿಕಿರಿ.

ಇನ್ನೊಂದು ಮಾತು. ಸಾಲು ಉಳಿಸಿದರೆ ಸಾಲದು, ಫೈಲನ್ನೂ ಸೇವ್ ಮಾಡಬೇಕು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಹಾಗಾಗಿ ಪ್ರತಿ ಚೀಟಿಗೂ ಸೇವ್ ಒತ್ತುತ್ತೇನೆ. ಎರಡು ಕೌಂಟರಿನಲ್ಲಿ ಇಬ್ಬರು ಒಟ್ಟಿಗೆ ಬರೆಯುವ ಅಂಗಡಿಯವರು ಈ ಒಂದೇ ಫೈಲಿನ ವ್ಯವಸ್ಥೆಗೆ ಬರಬೇಡಿ, ಅದು ಒಬ್ಬರಿಗಷ್ಟೇ.

ನನ್ನಂಥ ಒಂಟಿ ಕೌಂಟರಿಗೆ ಸಾಕೇ ಸಾಕು. ಕೊಟ್ಟದ್ದು 24, ಬಂದದ್ದು 22 ಅಂತ ಅಕ್ಕಪಕ್ಕ ಕಾಣುತ್ತದೆ. ಪರದೆಯನ್ನು ಗಿರಾಕಿಯ ಕಡೆ ತಿರುಗಿಸುತ್ತೇನೆ. "ಅಡುಗೆ ಭಟ್ಟರ ಕಾರಿನಲ್ಲಿ ಇರಬೇಕು ಅಕ್ಕಾ" ಅಂತ ಫೋನ್ ತೆಗೆಯುತ್ತಾರೆ.