ಹಾಸನದ ಮೇಷ್ಟ್ರ ಡಿಟಿಪಿ ಅಂಗಡಿ: ಸಂಶೋಧನಾ ಪ್ರಶ್ನಾವಳಿ ಅನುವಾದ ಮಾಡಿಸಿದ ಅನುಭವ

ಇಂಗ್ಲಿಷ್ ಪ್ರಶ್ನಾವಳಿ ಹಿಡಿದುಕೊಂಡು ಕನ್ನಡದ ಜನರ ಹತ್ತಿರ ಹೋಗಬೇಕಾದ ಸಂಶೋಧಕರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಅಂಗಡಿ ಇರುವುದು ಹಾಸನದ ಹಳೇ ಬಸ್ ನಿಲ್ದಾಣದ ಹತ್ತಿರ, ಮಹಡಿ ಮೇಲೆ. ಮೆಟ್ಟಿಲ ಬಳಿ ನಿಂತರೆ ಕಾಣುವುದು ಲಗ್ನಪತ್ರಿಕೆ ಮಾದರಿಗಳು, ಜೆರಾಕ್ಸ್ ಬೋರ್ಡು. ಒಳಗೆ ನಿವೃತ್ತ ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು, ಅವರ ಸೊಸೆ, ಎರಡು ಕಂಪ್ಯೂಟರ್. ಅಷ್ಟೇ.

ನನ್ನ ಪಿಎಚ್.ಡಿ. ವಿಷಯ ಅಂತರರಾಷ್ಟ್ರೀಯ ಮಾನವ ಸಂಪನ್ಮೂಲ ನಿರ್ವಹಣೆ. ಒಂದೇ ಕಂಪನಿಗೆ ಜರ್ಮನಿಯಲ್ಲೊಂದು ಘಟಕ, ನಮ್ಮ ಹಾಸನದಲ್ಲೊಂದು ಹೊಲಿಗೆ ಘಟಕ. ಕೆಳಗಿನವರು ಮೇಲಿನವರ ಕೆಲಸದ ಬಗ್ಗೆ ಅಭಿಪ್ರಾಯ ಬರೆದುಕೊಡುವ ಪದ್ಧತಿ ಅಲ್ಲಿಂದ ಇಲ್ಲಿಗೆ ಬಂತು. ಇಲ್ಲಿ ಬಹಳಷ್ಟು ಜನ ಸೂಪರ್‌ವೈಸರ್‌ಗೆ ಪೂರ್ತಿ ಅಂಕ ಹಾಕಿ ಕಾಗದ ವಾಪಸ್ ಕೊಟ್ಟುಬಿಡುತ್ತಾರೆ. ಅದು ಭಯವೋ, ಗೌರವವೋ, ಅಥವಾ ಪ್ರಶ್ನೆಯೇ ಸರಿಯಾಗಿ ತಲುಪಿಲ್ಲವೋ ಅನ್ನುವುದು ನನಗೆ ತಿಳಿಯಬೇಕಿತ್ತು.

ಇದಕ್ಕೆ ನಾನು ಆರಿಸಿಕೊಂಡಿದ್ದು ಡಚ್ ಸಾಮಾಜಿಕ ಮನೋವಿಜ್ಞಾನಿ ಗೀರ್ಟ್ ಹಾಫ್‌ಸ್ಟೀಡ್ ಅವರ ಮೌಲ್ಯ ಸಮೀಕ್ಷೆಯ (ಬೇರೆ ಬೇರೆ ದೇಶದವರ ಮೌಲ್ಯಗಳನ್ನು ಹೋಲಿಸುವ ಪ್ರಶ್ನಾವಳಿ) 2013ರ ಆವೃತ್ತಿ. 1967ರಿಂದ 1973ರ ನಡುವೆ ಐಬಿಎಂ ಕಂಪ್ಯೂಟರ್ ಕಂಪನಿಯ ನೌಕರರು ತುಂಬಿಕೊಟ್ಟ ಸುಮಾರು 1,16,000 ಪ್ರಶ್ನಾವಳಿಗಳಿಂದ ಬೆಳೆದ ಕೆಲಸ ಅದು. ಅವರ ಲೆಕ್ಕದಲ್ಲಿ 'ಅಧಿಕಾರ ಅಂತರ', ಅಂದರೆ ಅಧಿಕಾರ ಸಮನಾಗಿ ಹಂಚಿಲ್ಲದ್ದನ್ನು ಕೆಳಗಿನವರು ಎಷ್ಟು ಸಹಜ ಅಂತ ಒಪ್ಪಿಕೊಳ್ಳುತ್ತಾರೆ ಅನ್ನುವ ಅಳತೆ, ಭಾರತಕ್ಕೆ 77, ಜರ್ಮನಿಗೆ 35. ಪ್ರಶ್ನೆಗಳು ಒಟ್ಟು 30. ಅದರಲ್ಲಿ 24 ಮೌಲ್ಯಗಳ ಬಗ್ಗೆ, ಉಳಿದ ಆರು ವಯಸ್ಸು, ಓದು, ಉದ್ಯೋಗ ಮುಂತಾದವು.

ಮೊದಲು ಒಂದು ಆನ್‌ಲೈನ್ ಅನುವಾದ ಸೇವೆಗೆ ಕೊಟ್ಟಿದ್ದೆ. ಎರಡೇ ದಿನದಲ್ಲಿ ಬಂತು. 'ಅಧೀನ ನೌಕರರು', 'ಸಮಾಲೋಚಿಸಲ್ಪಡುವುದು' ಅನ್ನುವಂಥ ಪದಗಳು. ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ಇದು ಹಿಡಿಸುವುದಿಲ್ಲ ಅಂತ ನಾನೇ ತಿದ್ದಿದೆ. ಇಪ್ಪತ್ತನೇ ಪ್ರಶ್ನೆಯನ್ನು 'ಕೆಲಸಗಾರರು ಮೇಲಿನವರಿಗೆ ಎದುರು ಮಾತಾಡಲು ಎಷ್ಟು ಸಲ ಹೆದರುತ್ತಾರೆ?' ಅಂತ ಮಾಡಿಕೊಂಡೆ. ಚೆನ್ನಾಗಿದೆ ಅನ್ನಿಸಿತ್ತು. ಹಾಗೆ ತಿದ್ದಿದ್ದನ್ನು ಮೇಷ್ಟ್ರಿಗೆ ನೋಡಲು ಕೊಟ್ಟೆ.

ಮೇಷ್ಟ್ರು ಆ ಸಾಲಿಗೆ ಬಂದಾಗ ಕನ್ನಡಕ ತೆಗೆದಿಟ್ಟರು. "ಏನಮ್ಮ, ಎದುರು ಮಾತಾಡೋದು ಅಂದ್ರೆ ನಮ್ಮಲ್ಲಿ ಮರ್ಯಾದೆ ಬಿಟ್ಟೋರು ಮಾಡೋ ಕೆಲಸ ಅಲ್ವೇ? ಇಂಗ್ಲಿಷಲ್ಲಿ ಆ ಬೈಗುಳ ಎಲ್ಲಿದೆ?"

ನಾನು ಸುಮ್ಮನೆ ಕೂತುಬಿಟ್ಟೆ. ಮೂಲದಲ್ಲಿ ಕೇಳಿರುವುದು ಮೇಲಿನವರು ಹೇಳಿದ್ದನ್ನು ಒಪ್ಪದಿದ್ದಾಗ ಹಾಗೆ ಹೇಳಲು ಹೆದರುತ್ತಾರೆಯೇ ಅಂತ. ನನ್ನ ಕನ್ನಡ ಕೇಳುತ್ತಿದ್ದದ್ದು ಉದ್ಧಟತನ ಮಾಡಲು ಹೆದರುತ್ತೀರಾ ಅಂತ. ಸಭ್ಯರು ಯಾರೇ ಆದರೂ 'ಯಾವಾಗಲೂ' ಅಂತಲೇ ಗುರುತು ಹಾಕುತ್ತಾರೆ. ಅಧಿಕಾರ ಅಂತರದ ಲೆಕ್ಕಕ್ಕೆ ಬರುವುದು ನಾಲ್ಕೇ ಪ್ರಶ್ನೆ: 2, 7, 20, 23. ಲೆಕ್ಕದ ಒಂದು ಭಾಗದಲ್ಲಿ ಇಪ್ಪತ್ತನೆಯದರ ಸರಾಸರಿಯಿಂದ ಇಪ್ಪತ್ತಮೂರನೆಯದರ ಸರಾಸರಿ ಕಳೆದು 25ರಿಂದ ಗುಣಿಸಬೇಕು. ಅಂದರೆ ಒಂದು ಕ್ರಿಯಾಪದದ ದೆಸೆಯಿಂದ ಸರಾಸರಿ ಅರ್ಧ ಅಂಕ ಮೇಲೇರಿದರೂ ಸೂಚ್ಯಂಕ ಹನ್ನೆರಡೂವರೆ ಏರುತ್ತದೆ. ಹಾಸನದವರು ಅಧಿಕಾರಕ್ಕೆ ಬಗ್ಗುವವರು ಅಂತ ನಾನು ಪ್ರಬಂಧದಲ್ಲಿ ಬರೆದುಬಿಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಈಗಿನ ಸಾಲು: 'ಮೇಲಿನವರ ಮಾತು ಸರಿಯಿಲ್ಲ ಅನ್ನಿಸಿದಾಗ, ಹಾಗಂತ ಅವರಿಗೆ ಹೇಳಲು ಕೆಲಸಗಾರರು ಎಷ್ಟು ಸಲ ಹೆದರುತ್ತಾರೆ?' ಏಳನೇ ಪ್ರಶ್ನೆಯಲ್ಲಿ 'ಸಮಾಲೋಚನೆ' ಹೋಗಿ 'ನಿಮ್ಮ ಕೆಲಸಕ್ಕೆ ಸಂಬಂಧಪಟ್ಟ ತೀರ್ಮಾನಕ್ಕೆ ಮುಂಚೆ ನಿಮ್ಮನ್ನೂ ಒಂದು ಮಾತು ಕೇಳುವುದು' ಅಂತಾಯಿತು. ಮೊದಲ ಭಾಗದ ಉತ್ತರಗಳಲ್ಲಿ 1 ಅಂದರೆ ಅತಿ ಮುಖ್ಯ, 5 ಅಂದರೆ ಮುಖ್ಯವೇ ಅಲ್ಲ. "ಅಂಕೆ ಕಂಡ್ರೆ ಅಂಕ ಅನ್ಕೋತಾರೆ, ಐದಕ್ಕೆ ಐದು ಕೊಟ್ಟೆ ಅಂತ ಖುಷಿಪಡ್ತಾರೆ" ಅಂದರು ಮೇಷ್ಟ್ರು. ಅಂಕೆ ತೆಗೆದು ಮಾತಿನಲ್ಲೇ ಬರೆದೆವು.

ಇಷ್ಟಾದ ಮೇಲೆ ಹಿಮ್ಮುಖ ಅನುವಾದ. ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಕ್ರಮ: ಮೂಲ ನೋಡಿರದ ಎರಡನೇ ವ್ಯಕ್ತಿ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರಬೇಕು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸೊಸೆ ಅಕ್ಕ ಅದನ್ನು ಮಾಡಿದರು. ಮೂಲವನ್ನು ಅವರ ಕಣ್ಣಿಗೆ ಬೀಳದಂತೆ ಮೇಷ್ಟ್ರು ಬೀರುವಿನಲ್ಲಿ ಇಟ್ಟಿದ್ದರು. ಈ ಪ್ರಾಮಾಣಿಕತೆ ದೊಡ್ಡ ಊರುಗಳಲ್ಲೂ ನನಗೆ ಸಿಕ್ಕಿರಲಿಲ್ಲ. ಅಕ್ಕ ಮಾಡಿದ ಇಂಗ್ಲಿಷಿನಲ್ಲಿ ಮೂಲದ ಜೊತೆ ಹೊಂದದ ಸಾಲು ಮೂರು ಸಿಕ್ಕವು. ಅದರಲ್ಲೊಂದು ಪೀಠಿಕೆಯದು: ಈಗಿನ ಕೆಲಸ ಬಿಟ್ಟು ಆದರ್ಶ ಕೆಲಸವೊಂದನ್ನು ಊಹಿಸಿಕೊಳ್ಳಿ ಅನ್ನುವುದು 'ನಿಮ್ಮ ಕೆಲಸ ಬಿಟ್ಟುಬಿಡಿ' ಅಂತ ವಾಪಸ್ ಬಂದಿತ್ತು! ಕಾರ್ಖಾನೆಯೊಳಗೆ ಆ ಕಾಗದ ಹಂಚಿದ್ದರೆ ಏನಾಗುತ್ತಿತ್ತೋ.

ತೊಂದರೆಗಳೂ ಇವೆ. ಟೈಪ್ ಮಾಡುವುದು ಹಳೇ ನುಡಿ ಫಾಂಟಿನಲ್ಲಿ. ಮುದ್ರಣಕ್ಕೆ ಸರಿ, ಆದರೆ ಮೊಬೈಲ್ ಫಾರ್ಮ್‌ಗೆ ಯೂನಿಕೋಡ್ ಬೇಕು. ಬದಲಾಯಿಸುವಾಗ ಕೆಲವು ಅರ್ಕಾವತ್ತು ಜಾಗ ತಪ್ಪಿದ್ದವು; ಒಂದು ಸಂಜೆ ಪೂರ್ತಿ ಕೂತು ತಿದ್ದಿದೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಹೋಗಬೇಡಿ, ಊರೆಲ್ಲ ಜನ, ನನ್ನ ಕೆಲಸ ಒಂಬತ್ತು ದಿನ ತಡವಾಯಿತು. ಹಿಂದಿ, ಉರ್ದು ಅನುವಾದ ಇವರಲ್ಲಿಲ್ಲ. ಹಿಂದಿ ಮಾತಾಡುವ ಕೆಲಸಗಾರರಿಗೆ ನಾನು ಬೇರೆ ಕಡೆ ಮಾಡಿಸಬೇಕಾಯಿತು.

ಎರಡೂ ಕಡೆಯ ಅನುವಾದ, ಟೈಪಿಂಗ್, ತಿದ್ದುಪಡಿ ಸೇರಿ 2,800 ರೂಪಾಯಿ ತೆಗೆದುಕೊಂಡರು. ಆ ಕೆಲಸಕ್ಕೆ ಇದು ತೀರಾ ಕಡಿಮೆ, ಕೇಳಿದರೂ ಹೆಚ್ಚು ತೆಗೆದುಕೊಳ್ಳಲಿಲ್ಲ. ನಗದು ಅಥವಾ ಫೋನ್‌ಪೇ.

ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಬಾಗಿಲು ಹಾಕಿರುತ್ತೆ. ಬೆಳಗ್ಗೆ ಹತ್ತಕ್ಕೆ ಹೋಗಿ. ಬರೀ ಪ್ರಶ್ನಾವಳಿ ಕೊಟ್ಟು ಸುಮ್ಮನಾಗಬೇಡಿ, ಯಾರನ್ನು ಕೇಳುತ್ತೀರಿ, ಅವರು ಏನು ಕೆಲಸ ಮಾಡುತ್ತಾರೆ ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮೇಷ್ಟ್ರು ಮೊದಲು ಓದುವುದು ಅದನ್ನೇ.